ಎಲ್ಲೆಲ್ಲೂ ಕಾಣುತ್ತಿದ್ದ 420

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರು ನಲವತ್ತರ ಆಸುಪಾಸಿನ ಗೃಹಸ್ಥರು, ಲೆಕ್ಕಪತ್ರ ವಿಭಾಗದ ನೌಕರರು. ತಂದೆ ತೀರಿಕೊಂಡು ಐದು ತಿಂಗಳಾಗಿತ್ತು. ದಾಖಲೆಯಲ್ಲಿದ್ದ ಸಮಯ ಬೆಳಗಿನ ಜಾವ 4:20. ಆ ರಾತ್ರಿ ಇವರು ಆಸ್ಪತ್ರೆಯಿಂದ ಮನೆಗೆ ಬಂದು, ಮೊಬೈಲಿನ ಸದ್ದಡಗಿಸಿ ಮಲಗಿದ್ದರು. ಅಕ್ಕ ಏಳು ಸಲ ಕರೆ ಮಾಡಿದ್ದು ಗೊತ್ತಾದದ್ದು ಆರು ಗಂಟೆಗೆ.

ಅಂದಿನಿಂದ ಎಲ್ಲೆಲ್ಲೂ 420. ಹೋಟೆಲಿನ ಬಿಲ್ಲು, ಮುಂದೆ ಹೋಗುವ ಸ್ಕೂಟರಿನ ನಂಬರು, ದಿನಸಿ ಚೀಟಿಯ ಮೊತ್ತ. "ಅಪ್ಪ ನನ್ನನ್ನು ಫೋರ್‌ಟ್ವೆಂಟಿ ಎನ್ನುತ್ತಿದ್ದಾರೆ ಮೇಡಂ." ವಂಚನೆಯ ಆ ಕಲಮು ದಂಡ ಸಂಹಿತೆಯ ಜೊತೆಗೇ 2024ರ ಜುಲೈ 1ರಂದು ಹೋಯಿತು, ಈಗ ನ್ಯಾಯ ಸಂಹಿತೆಯಲ್ಲಿ ಅದು 318. ಬೈಗುಳ ಮಾತ್ರ ಉಳಿದಿದೆ. "318 ಕಂಡರೆ?" ಎಂದೆ. ಅವರು ನಗಲಿಲ್ಲ. ಮೊದಲ ಭೇಟಿಯಲ್ಲೇ ಆ ತಮಾಷೆ ಬೇಡವಾಗಿತ್ತು.

ಸಂಬಂಧವಿಲ್ಲದ ಕಡೆ ಸಂಬಂಧ ಕಾಣುವುದಕ್ಕೆ ಜರ್ಮನ್ ಮನೋವೈದ್ಯ ಕ್ಲೌಸ್ ಕಾನ್ರಾಡ್ 1958ರಲ್ಲಿ 'ಅಪೋಫೀನಿಯಾ' ಎಂದು ಹೆಸರಿಟ್ಟದ್ದು ಸ್ಕಿಜೋಫ್ರೀನಿಯಾ ಎಂಬ ಮನೋರೋಗದ ಆರಂಭವನ್ನು ವಿವರಿಸುವಾಗ. ಆದ್ದರಿಂದ ಮೊದಲು ಅದನ್ನೇ ವಿಚಾರಿಸಿದೆ. ಧ್ವನಿಗಳು ಕೇಳುತ್ತವೆಯೇ? ಬದುಕಿರುವವರು ಯಾರಾದರೂ ಬೇಕೆಂದೇ ಈ ಅಂಕಿ ತೋರಿಸುತ್ತಿದ್ದಾರೆಯೇ? ಇಲ್ಲ ಎಂದರು. ಹೌದೆಂದಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಇವರದು ಎಲ್ಲರಲ್ಲೂ ಇರುವ ಗುಣವೇ, ದುಃಖದಲ್ಲಿ ಹರಿತವಾಗಿತ್ತು. ಕಾಗೆ ಕೂತಿತು, ತಾಳೆಹಣ್ಣು ಬಿತ್ತು; ಕಾಕತಾಳೀಯ ಎಂಬ ಮಾತು ಹುಟ್ಟಿದ್ದೇ ಹಾಗೆ. ಹಿಂದೆ ಶಕುನಕ್ಕೆ ಹಲ್ಲಿ ಲೊಚಗುಟ್ಟುವವರೆಗೆ ಕಾಯಬೇಕಿತ್ತು, ಈಗ ಜೇಬಿನಲ್ಲೇ ಅಂಕಿಗಳ ಕಣಜವಿದೆ.

ಎರಡು ವಾರ, ಗಡಿಯಾರ ನೋಡಿದಾಗಲೆಲ್ಲ ಸಮಯ ಬರೆದಿಡಿ ಎಂದೆ, ಅದು ಯಾವುದೇ ಸಮಯವಾಗಿರಲಿ. ಲೆಕ್ಕದವರಲ್ಲವೇ, ಗೆರೆ ಎಳೆದು ತಂದರು: 263 ನಮೂದು, ಅದರಲ್ಲಿ 4:20 ಮೂರು. ಮೂರೂ ಸಂಜೆಯವು, ಕಚೇರಿಗೆ ಚಹಾ ಬರುವ ಹೊತ್ತು. "ಆದರೂ ಮೈ ಜುಮ್ಮೆಂದಿತು" ಎಂದರು. ಅದು ಸಹಜವೇ, ಎದೆಯಲ್ಲಿ ಕೂತದ್ದು ಕೂಡಿ ಕಳೆದರೆ ಹೋಗುವುದಿಲ್ಲ.

ಆ ರಾತ್ರಿಯ ಬಗ್ಗೆ ಅಕ್ಕನ ಜೊತೆ ಒಮ್ಮೆಯೂ ಮಾತನಾಡಿರಲಿಲ್ಲ. ಬೈಸಿಕೊಳ್ಳಬೇಕಾಗುತ್ತದೆಂಬ ಭಯ. ನಂಬರು ಪ್ಲೇಟನ್ನು ಕೇಳುವ ಬದಲು ಅಕ್ಕನನ್ನೇ ಕೇಳಿ ಎಂದೆ.

ಮುಂದಿನ ಭೇಟಿಗೆ ತಡವಾಗಿ ಬಂದರು. ಅಕ್ಕನೂ ವಾರ್ಡಿನ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರಂತೆ. ನರ್ಸ್ ಎಬ್ಬಿಸುವಷ್ಟರಲ್ಲಿ ಅಪ್ಪನ ಕೈ ತಣ್ಣಗಾಗಿತ್ತು. 4:20 ಎಂಬುದು ವೈದ್ಯರು ಬಂದು ಪರೀಕ್ಷಿಸಿ, ಗಡಿಯಾರ ನೋಡಿ ಬರೆದ ಸಮಯ.

"ಅಪ್ಪ ಹೋದದ್ದು ಯಾವಾಗ ಎಂದು ಅಕ್ಕನಿಗೂ ಗೊತ್ತಿಲ್ಲ ಮೇಡಂ" ಎಂದರು.