ಬ್ಲರ್ ಕೊಟ್ಟ ಮೇಲೆ ಎಳೆದ ಗೆರೆಯೂ ಮಸುಕು!

ಪ್ರಶ್ನೆ: ಚಿತ್ರ ತಿದ್ದುವ ತಂತ್ರಾಂಶ ಗಿಂಪ್ 3.0 ಹಾಕಿಕೊಂಡ ಮೇಲೆ, ಗಾಸಿಯನ್ ಬ್ಲರ್ (ಚಿತ್ರ ಮಸುಕಾಗಿಸುವ ಫಿಲ್ಟರ್) ಕೊಟ್ಟ ಲೇಯರಿನಲ್ಲಿ (ಚಿತ್ರದ ಪದರದಲ್ಲಿ) ಗೆರೆ ಎಳೆದರೆ ಅದೂ ಮಸುಕಾಗುತ್ತದೆ. ಬ್ರಷ್ ತಡವರಿಸುತ್ತದೆ. ಹಿಂದಿನ 2.10ರಲ್ಲಿ ಹೀಗಿರಲಿಲ್ಲವಲ್ಲ?

ಉತ್ತರ: ಏನೂ ಕೆಟ್ಟಿಲ್ಲ. 2.10ರಲ್ಲಿ ಓಕೆ ಒತ್ತಿದೊಡನೆ ಬ್ಲರ್ ಪಿಕ್ಸೆಲ್‌ಗಳಲ್ಲೇ ಬೆರೆತುಹೋಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0ರಲ್ಲಿ ಫಿಲ್ಟರ್ ಲೇಯರಿನ ಮೇಲೆ ಕನ್ನಡಕದ ಗಾಜಿನಂತೆ ಪ್ರತ್ಯೇಕವಾಗಿ ಕೂತಿರುತ್ತದೆ. ನೀವು ಆಮೇಲೆ ಬರೆದದ್ದೂ ಅದರ ಮೂಲಕವೇ ಕಾಣುತ್ತದೆ. ಪ್ರತಿ ಗೆರೆಗೂ ಬ್ಲರ್ ಲೆಕ್ಕ ಮತ್ತೆ ಆಗಬೇಕು, ಅದಕ್ಕೇ ಆ ತಡವರಿಕೆ. ಲೇಯರ್ ದೊಡ್ಡದಾದಷ್ಟೂ ಇದು ಹೆಚ್ಚು.

ಗೆರೆಗೆ ಮೇಲೊಂದು ಹೊಸ ಲೇಯರ್ ತೆಗೆದುಕೊಳ್ಳುವುದೇ ಲೇಸು. ಅದೇ ಲೇಯರಿನಲ್ಲಿ ಬರೆಯಲೇಬೇಕೆಂದರೆ, ಲೇಯರ್ ಪಟ್ಟಿಯಲ್ಲಿ ಹೆಸರಿನ ಪಕ್ಕದ 'ಎಫ್‌ಎಕ್ಸ್' ಗುರುತು ಒತ್ತಿ 'ಮರ್ಜ್' ಮಾಡಿ, ಅಂದರೆ ಫಿಲ್ಟರನ್ನು ಲೇಯರಿನಲ್ಲೇ ಬೆರೆಸಿಬಿಡಿ. ಹಳೆಯ ರೀತಿಯೇ ಇಷ್ಟವಾದರೆ ಫಿಲ್ಟರ್ ಕಿಟಕಿಯ ಕೆಳಗಿನ 'ಮರ್ಜ್ ಫಿಲ್ಟರ್'ಗೆ ಟಿಕ್ ಹಾಕಿ. ಆದರೆ ಮರ್ಜ್ ಆದದ್ದನ್ನು ನಾಳೆ ತಿದ್ದಲಾಗದು. ಗ್ರಾಹಕರು 'ಮಸುಕು ಸ್ವಲ್ಪ ಕಮ್ಮಿ ಮಾಡಿ' ಎಂದು ಕೇಳುವುದು ಯಾವಾಗಲೂ ಕೊನೆಯ ಗಳಿಗೆಯಲ್ಲೇ! ಸದ್ಯಕ್ಕೆ ವೇಗ ಸಾಕೆಂದರೆ, ಮರ್ಜ್ ಮಾಡದೆ, 'ಎಫ್‌ಎಕ್ಸ್' ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ ಫಿಲ್ಟರಿನ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ, ಬರೆದು ಮುಗಿಸಿ, ಮತ್ತೆ ಕಾಣಿಸುವಂತೆ ಮಾಡಿ.