ಅಕ್ಟೋಬರಿನಲ್ಲಿ ರಾಣಿಪುರಂ, ಅಮ್ಮನ ಜೊತೆ

ಅರವತ್ತು ದಾಟಿದ ಅಮ್ಮನ ಜೊತೆ ಅಕ್ಟೋಬರಿನಲ್ಲಿ ಕಾಸರಗೋಡಿನ ರಾಣಿಪುರಂ ಗುಡ್ಡ ಹತ್ತಬಹುದಾ, ಇಂಬಳ (ಜಿಗಣೆ) ಜಾಸ್ತಿಯಾ ಅಂತ ಕೇಳಿದ್ದೀರಿ. ಹತ್ತಬಹುದು. ನಾನಾಗಿದ್ದರೆ ಡಿಸೆಂಬರಿಗೆ ಹೋಗುತ್ತಿದ್ದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಮಧ್ಯಾಹ್ನದ ಮೇಲೆ ಗುಡುಗಿಕೊಂಡೇ ಬರುತ್ತದೆ. ಮೇಲಿನದ್ದು ಬರೀ ಹುಲ್ಲುಗುಡ್ಡ, ಸಿಡಿಲಿಗೆ ಮರೆಯೇ ಇಲ್ಲ. ಬೆಳಿಗ್ಗೆಯೇ ಹತ್ತಿ ಇಳಿದುಬಿಡಿ.

ಕಾಡಿನೊಳಗಿನ ಬೇರು, ಕಲ್ಲು ಒದ್ದೆಯಾದರೆ ಸೋಪು ಹಚ್ಚಿದ ಹಾಗೆ. ಮೊಣಕಾಲಿಗೆ ಕಷ್ಟ ಇಳಿಯುವಾಗಲೇ, ಅಮ್ಮನ ಕೈಗೊಂದು ಕೋಲು ಕೊಡಿ.

ಇಂಬಳ ಇದ್ದೇ ಇರುತ್ತದೆ. ನಮ್ಮಜ್ಜಿ ತೋಟಕ್ಕಿಳಿಯುವ ಮೊದಲು ಎಲೆ ಪೆಟ್ಟಿಗೆಯ ಸುಣ್ಣಕ್ಕೆ ಹೊಗೆಸೊಪ್ಪು ತಿಕ್ಕಿ ಕಾಲಿಗೆ ಸವರುತ್ತಿದ್ದರು. ನೀವು ಸಾಕ್ಸಿನ ಹೊರಗೆ ಸವರಿಕೊಳ್ಳಿ, ಚರ್ಮ ಉರಿಯುವುದಿಲ್ಲ.

ಕಾಞಂಗಾಡಿನಿಂದ ಪಾಣತ್ತೂರು ಬಸ್ಸು, ಪನತ್ತಡಿಯಲ್ಲಿ ಇಳಿದು ಜೀಪು. ಆಚೆ ಬದಿ ತಲಕಾವೇರಿ ಕಾಡು ಅಲ್ವಾ, ಆನೆ ಸುಳಿದರೆ ಅರಣ್ಯ ಇಲಾಖೆಯವರು ಹತ್ತಲು ಬಿಡುವುದಿಲ್ಲ. ಹಿಂದಿನ ದಿನವೇ ವಿಚಾರಿಸಿಕೊಳ್ಳಿ.