ಟೈಲರ್ ಆಡಮ್ಸ್ ದೊಡ್ಡ ಕ್ಲಬ್ಬಿಗೆ ಹೋಗಬೇಕೇ?

ಓದುಗರ ಪತ್ರ: ಇಂಗ್ಲೆಂಡಿನ ಬೋರ್ನ್‌ಮೌತ್ ಫುಟ್‌ಬಾಲ್ ತಂಡದಲ್ಲಿ ಮೈದಾನದ ನಡುವೆ ಆಡುವ ಅಮೆರಿಕನ್ ಮಿಡ್‌ಫೀಲ್ಡರ್ ಟೈಲರ್ ಆಡಮ್ಸ್ ಮಧ್ಯರೇಖೆಯ ಹತ್ತಿರದಿಂದಲೇ ಹೊಡೆದ ಗೋಲಿನ ವಿಡಿಯೊವನ್ನು ನ್ಯೂಜೆರ್ಸಿಯಲ್ಲಿರುವ ಮೊಮ್ಮಗ ಕಳುಹಿಸಿದ್ದ. ಇಂಥ ಆಟಗಾರ ಸಣ್ಣ ಊರಿನ ತಂಡದಲ್ಲಿ ಏಕೆ ಕೊಳೆಯುತ್ತಿದ್ದಾನೆ? ಅಮೆರಿಕದವನೆಂಬ ತಾತ್ಸಾರವೇ? ಇಂಗ್ಲೆಂಡಿನಲ್ಲಿ ಅವನ ಭವಿಷ್ಯ ಏನು? ಹದಿನಾಲ್ಕು ವರ್ಷದ ನನ್ನ ಮೊಮ್ಮಗನೂ ಅಲ್ಲಿನ ಅಕಾಡೆಮಿಯಲ್ಲಿ ಮಿಡ್‌ಫೀಲ್ಡರ್. ಅವನಿಗೂ ಇಂಗ್ಲೆಂಡಿನದೇ ಕನಸು. – ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಸಂಪಾದಕರ ಉತ್ತರ:

ಮಾನ್ಯರೇ,

ನೀವು ನೋಡಿದ ಗೋಲು 2025ರ ನವೆಂಬರ್ 29ರಂದು ಸಂಡರ್‌ಲ್ಯಾಂಡ್ ವಿರುದ್ಧ ಬಂದದ್ದು. ಅದರಿಂದ ಬೋರ್ನ್‌ಮೌತ್ 2-0 ಮುಂದಾಯಿತು. ಆಟ ಮುಗಿದಾಗ ಮಾತ್ರ ಸಂಡರ್‌ಲ್ಯಾಂಡ್ 3-2ರಲ್ಲಿ ಗೆದ್ದಿತ್ತು. ಮೊಬೈಲಿನ ತುಣುಕುಗಳಲ್ಲಿ ಈ ಎರಡನೆಯ ಭಾಗ ಇರುವುದಿಲ್ಲ. ಆಡಮ್ಸ್ ಅವರನ್ನು ಅಳೆಯಲು ಕುಳಿತರೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೊನೆಯ ಸಂಗತಿಯೂ ಆ ಗೋಲೇ. ಅವರಿಗೆ ಸಂಬಳ ಕೊಡುತ್ತಿರುವುದು ಗೋಲು ಹೊಡೆಯುವುದಕ್ಕಲ್ಲ, ಎದುರಾಳಿಯ ದಾಳಿಯನ್ನು ಅರ್ಧದಲ್ಲೇ ಕತ್ತರಿಸುವುದಕ್ಕೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಡಮ್ಸ್ ಕೊಳೆಯುತ್ತಿಲ್ಲ. ಅವರ ಆಟಕ್ಕೆ ಇಷ್ಟು ಒಗ್ಗುವ ಜಾಗ ಇಂಗ್ಲೆಂಡಿನಲ್ಲಿ ಹೆಚ್ಚಿಲ್ಲ. ಅಂಕಪಟ್ಟಿಯ ಮೇಲ್ತುದಿಯಲ್ಲಿರುವ ಕ್ಲಬ್ಬಿಗೆ ಹೋದರೆ ಸಂಬಳ ಏರೀತು, ಆಟ ಇಳಿದೀತು. ತಾತ್ಸಾರದ ಕಾಲ ಕಳೆದಿದೆ. ಈಗ ಉಳಿದಿರುವುದು ಅವರ ಮೈ ಎಷ್ಟು ತಾಳುತ್ತದೆ ಎಂಬ ಪ್ರಶ್ನೆ.

ತಾತ್ಸಾರ ಇತ್ತು ಎಂಬುದು ನಿಜ. ಜಾನ್ ಹಾರ್ಕ್ಸ್ 1990ರಲ್ಲಿ ಶೆಫೀಲ್ಡ್ ವೆನ್ಸ್‌ಡೇ ಸೇರಿದಾಗ ಅಮೆರಿಕದವರಿಗೆ ಫುಟ್‌ಬಾಲ್ ಬರುತ್ತದೆ ಎಂದು ನಂಬುವವರೇ ಕಡಿಮೆ. ಲೀಗ್ ಕಪ್ ಪಂದ್ಯವೊಂದರಲ್ಲಿ ಪೀಟರ್ ಶಿಲ್ಟನ್ ಅವರಂಥ ಗೋಲ್‌ಕೀಪರನ್ನು ಬಹುದೂರದಿಂದ ವಂಚಿಸಿದ ಮೇಲೆ, ಮುಂದಿನ ವರ್ಷ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಸೋಲಿಸಿ ಅದೇ ಕಪ್ ಎತ್ತಿದ ಮೇಲೆ ಜನ ಸ್ವಲ್ಪ ಮೆತ್ತಗಾದರು. ಆದರೂ ಇಂಗ್ಲಿಷ್ ಕ್ಲಬ್ಬುಗಳು ಕಣ್ಣುಮುಚ್ಚಿ ನಂಬಿದ್ದು ಅಮೆರಿಕದ ಗೋಲ್‌ಕೀಪರುಗಳನ್ನು. ಬ್ರ್ಯಾಡ್ ಫ್ರೀಡಲ್ ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗಿನಲ್ಲಿ ಸತತ 310 ಪಂದ್ಯ ಆಡಿದರು, ಟಿಮ್ ಹೋವರ್ಡ್ ಎವರ್ಟನ್‌ನಲ್ಲಿ ಹತ್ತು ಋತು ಕಳೆದರು. ಮೈದಾನದ ನಡುವಿನ ಜಾಗವನ್ನು ಮಾತ್ರ ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ.

ಇಲ್ಲಿ ಎಲ್ಲರೂ ಕ್ಲಿಂಟ್ ಡೆಂಪ್ಸಿ ಹೆಸರು ಹೇಳುತ್ತಾರೆ. ಫುಲ್‌ಹ್ಯಾಮ್ ಪರ 2011-12ರ ಒಂದೇ ಋತುವಿನಲ್ಲಿ ಲೀಗಿನಲ್ಲಿ 17 ಗೋಲು ಹೊಡೆದವರು ಅವರು. ಆದರೆ ಡೆಂಪ್ಸಿ ಮನಸ್ಸಿನಿಂದ ಫಾರ್ವರ್ಡ್, ಅಂದರೆ ಗೋಲು ಹೊಡೆಯುವ ಮುಂದಿನ ಸಾಲಿನವರು, ಹಾಗಾಗಿ ಆಡಮ್ಸ್ ಅವರಿಗೆ ಅಳತೆಗೋಲಾಗಲಾರರು. ನಿಜವಾದ ಹೋಲಿಕೆ ಸ್ಟುವರ್ಟ್ ಹೋಲ್ಡನ್ ಜೊತೆ. 2010ರ ಜನವರಿಯಲ್ಲಿ ಬೋಲ್ಟನ್ ಸೇರಿದ ಹೋಲ್ಡನ್, ಮಾರ್ಚ್‌ನಲ್ಲೇ ನೆದರ್ಲೆಂಡ್ಸ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ನೈಜಲ್ ಡಿ ಯಾಂಗ್ ಅವರ ಟ್ಯಾಕಲ್‌ಗೆ ಕಾಲು ಮುರಿದುಕೊಂಡರು. ಮರಳಿ ಬಂದು ಮುಂದಿನ ಋತುವಿನಲ್ಲಿ ಬೋಲ್ಟನ್‌ನ ವರ್ಷದ ಆಟಗಾರರಾದರು. ಚೆಂಡು ಕಸಿಯುವುದು, ಹತ್ತಿರದವನಿಗೆ ದಾಟಿಸುವುದು, ಮತ್ತೆ ಓಡುವುದು ಅವರ ಆಟ. 2011ರ ಮಾರ್ಚ್‌ನಲ್ಲಿ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಜಾನಿ ಇವಾನ್ಸ್ ಜೊತೆಗಿನ ಡಿಕ್ಕಿಯಲ್ಲಿ ಮೊಣಕಾಲು ಹೋಯಿತು. ಆಮೇಲೆ ಹಳೆಯ ಹೋಲ್ಡನ್ ಕಾಣಲೇ ಇಲ್ಲ. ಅವರು ಇಂಗ್ಲೆಂಡಿನಲ್ಲಿ ಸೋತರು ಎಂದು ಹೇಳುವ ಧೈರ್ಯ ನನಗಿಲ್ಲ. ಇಂಥ ಕೆಲಸದಲ್ಲಿ ಇರುವವನು ವಾರವಾರವೂ ತನ್ನ ಕಾಲುಗಳನ್ನು ಪಣಕ್ಕೆ ಇಡಬೇಕಾಗುತ್ತದೆ, ಅಷ್ಟೇ.

ಇನ್ನು ಆಡಮ್ಸ್. ನ್ಯೂಯಾರ್ಕ್ ರಾಜ್ಯದ ಹುಡುಗ, ಹುಟ್ಟಿದ್ದು 1999ರಲ್ಲಿ. ಡೆಂಪ್ಸಿಯವರಂತೆ ಕಾಲೇಜು ಫುಟ್‌ಬಾಲಿನ ದಾರಿ ಹಿಡಿಯದೆ ನ್ಯೂಯಾರ್ಕ್ ರೆಡ್ ಬುಲ್ಸ್ ಅಕಾಡೆಮಿಯಲ್ಲೇ ಬೆಳೆದವರು. ಹದಿನಾರನೆಯ ವಯಸ್ಸಿನಲ್ಲಿ ಚೆಲ್ಸಿ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಗೋಲು ಹೊಡೆದರು. 2019ರಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ, 2022ರಲ್ಲಿ ಲೀಡ್ಸ್‌ಗೆ ಬಂದರು. ಅದೇ ವರ್ಷ ಕತಾರ್ ವಿಶ್ವಕಪ್‌ನಲ್ಲಿ 23ನೆಯ ವಯಸ್ಸಿಗೆ ಅಮೆರಿಕ ತಂಡದ ನಾಯಕ. ಇಂಗ್ಲೆಂಡ್ ಜೊತೆ 0-0 ಆದ ಆ ಪಂದ್ಯವನ್ನು ಸಾಧ್ಯವಾದರೆ ಮೊಮ್ಮಗನೊಂದಿಗೆ ಪೂರ್ತಿ ನೋಡಿ. ಡೆಕ್ಲನ್ ರೈಸ್, ಜೂಡ್ ಬೆಲಿಂಗಮ್ ಇದ್ದ ಇಂಗ್ಲೆಂಡಿನ ಮಧ್ಯಭಾಗ ಆ ರಾತ್ರಿ ಪೂರ್ತಿ ಉಸಿರು ಕಟ್ಟಿದಂತೆ ಆಡಿತು. ಆಗ ಚೆಂಡನ್ನು ಹಿಂಬಾಲಿಸಬೇಡಿ. ಅಮೆರಿಕ ಚೆಂಡು ಕಳೆದುಕೊಂಡ ಕ್ಷಣ ಆಡಮ್ಸ್ ಯಾವ ಕಡೆಗೆ ಹೆಜ್ಜೆ ಇಡುತ್ತಾರೆ, ಅದನ್ನಷ್ಟೇ ನೋಡಿ.

‘ಅವರಿದ್ದರೂ ಲೀಡ್ಸ್ ಮುಳುಗಿ ಕೆಳಗಿನ ಲೀಗಿಗೆ ಇಳಿಯಿತಲ್ಲ’ ಎನ್ನುವವರಿಗೆ ಒಂದು ಮಾತು. 2023ರ ಮಾರ್ಚ್‌ನಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿದು ಆಡಮ್ಸ್ ಹೊರಗುಳಿದರು. ಏಪ್ರಿಲ್‌ನಲ್ಲಿ ಲೀಡ್ಸ್ ತನ್ನದೇ ಮೈದಾನದಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ಗೆ 1-5, ಲಿವರ್‌ಪೂಲ್‌ಗೆ 1-6ರಲ್ಲಿ ಸೋತಿತು. ತಿಂಗಳ ಕೊನೆಗೆ ಲೀಡ್ಸನ್ನು 4-1ರಲ್ಲಿ ಬಡಿದ ತಂಡ ಯಾವುದು ಗೊತ್ತೇ? ಬೋರ್ನ್‌ಮೌತ್. ಎಲ್ಲವೂ ಒಬ್ಬನ ಗೈರುಹಾಜರಿಯಿಂದಲೇ ಆಯಿತೆನ್ನುವುದು ಅತಿಯಾದೀತು, ಆ ತಂಡದ ಹಿಂಬದಿ ಮೊದಲೇ ಸೋರುತ್ತಿತ್ತು. ಆದರೂ ಮಳೆಗಾಲದ ನಡುವೆ ಮಾಡಿನ ಹೆಂಚು ತೆಗೆದರೆ ಏನಾಗುತ್ತದೋ ಅದೇ ಆಯಿತು.

ಅದೇ ಬೇಸಿಗೆಯಲ್ಲಿ ನೀವು ಬಯಸುವ ದೊಡ್ಡ ಕ್ಲಬ್ ಬಾಗಿಲವರೆಗೆ ಬಂದಿತ್ತು. ಚೆಲ್ಸಿಗೆ ಹೋಗುವುದು ಬಹುತೇಕ ಖಚಿತವಾಗಿ ಕೊನೆಯ ಗಳಿಗೆಯಲ್ಲಿ ಮುರಿಯಿತು. ಚೆಲ್ಸಿ ಮೊಯಿಸೆಸ್ ಕೈಸೆಡೊ ಅವರನ್ನು ಕೊಂಡಿತು, ಆಡಮ್ಸ್ ಬೋರ್ನ್‌ಮೌತ್‌ಗೆ ಬಂದರು. ಹನ್ನೊಂದು ಸಾವಿರ ಚಿಲ್ಲರೆ ಜನ ಹಿಡಿಯುವ ಕ್ರೀಡಾಂಗಣ ಅದು. ಅಮೆರಿಕದ ಅಭಿಮಾನಿಗಳು ಹಲುಬಿದರು. ನನಗೆ ಅದು ಅದೃಷ್ಟ ಎನಿಸುತ್ತದೆ.

ಕಾರಣ ಹೀಗಿದೆ. ಪಂದ್ಯದ ಬಹುಪಾಲು ಚೆಂಡನ್ನು ತಮ್ಮಲ್ಲೇ ಇಟ್ಟುಕೊಳ್ಳುವ ತಂಡಗಳಲ್ಲಿ ಡಿಫೆಂಡರ್‌ಗಳ ಮುಂದೆಯೇ ನಿಲ್ಲುವ ಆಳದ ಮಿಡ್‌ಫೀಲ್ಡರ್‌ನ ಕೆಲಸವೇ ಬೇರೆ. ಎದುರಾಳಿ ಬೆನ್ನಿಗೆ ಅಂಟಿಕೊಂಡಿರುವಾಗ ಡಿಫೆಂಡರ್‌ನಿಂದ ಚೆಂಡು ಪಡೆದು, ತಿರುಗಿ, ಹತ್ತು ಮಂದಿ ಕಟ್ಟಿದ ಗೋಡೆಯ ಬಿರುಕಿನಲ್ಲಿ ಪಾಸ್ ತೂರಿಸಬೇಕು. ಆಡಮ್ಸ್ ಅವರ ಪಾಸ್‌ಗಳು ಸುರಕ್ಷಿತ, ಚಿಕ್ಕವು, ಅಡ್ಡಕ್ಕೆ ಹೋಗುವಂಥವು. ತರಬೇತುದಾರ ಆಂಡೊನಿ ಇರಾವೊಲಾ ರೂಪಿಸಿದ ಬೋರ್ನ್‌ಮೌತ್ ಆಡುವ ರೀತಿ ತದ್ವಿರುದ್ಧ. ಎದುರಾಳಿಯ ಅರ್ಧದಲ್ಲೇ ಮುಗಿಬಿದ್ದು ಚೆಂಡು ಕಸಿಯುತ್ತದೆ, ಕಸಿದೊಡನೆ ಮುಂದಕ್ಕೆ ನುಗ್ಗುತ್ತದೆ, ಆಟ ಎರಡೂ ಕಡೆಗೆ ಹರಿದಾಡುತ್ತಿರುತ್ತದೆ. ಮುಂದಿನ ಸಾಲು ನುಗ್ಗಿದಾಗ ಹಿಂದೆ ದೊಡ್ಡ ಬಯಲು ಬಿದ್ದಿರುತ್ತದೆ, ಅದನ್ನು ಕಾಯಲು ಒಬ್ಬ ಬೇಕು. ಆಡಮ್ಸ್ ಹುಟ್ಟಿದ್ದೇ ಇದಕ್ಕೆ. ಅವರು ನಿಯಮಿತವಾಗಿ ಆಡಿದ 2024-25ರ ಋತುವಿನಲ್ಲಿ ತಂಡ 56 ಅಂಕಗಳೊಂದಿಗೆ ಒಂಬತ್ತನೆಯ ಸ್ಥಾನಕ್ಕೆ ಬಂತು. ಪ್ರೀಮಿಯರ್ ಲೀಗಿನಲ್ಲಿ ಆ ಕ್ಲಬ್ ಅದುವರೆಗೆ ಅಷ್ಟು ಅಂಕ ಗಳಿಸಿರಲಿಲ್ಲ.

ಹಾಗಾದರೆ ಅಡ್ಡಿ ಏನು? ಮೊದಲೇ ಹೇಳಿದ ಮೈ. ಬೋರ್ನ್‌ಮೌತ್ ಸೇರಿದ ಋತುವಿನಲ್ಲಿ ಒಂದು ಕಪ್ ಪಂದ್ಯದ ಕೊನೆಯಲ್ಲಿ ಇಳಿದವರು ಮತ್ತೆ ಅದೇ ಸ್ನಾಯುವಿನ ನೋವಿನಿಂದ 2024ರ ಮಾರ್ಚ್‌ವರೆಗೆ ಹೊರಗಿದ್ದರು. ಆ ಬೇಸಿಗೆಯಲ್ಲಿ ರಾಷ್ಟ್ರೀಯ ತಂಡಗಳ ಕೋಪಾ ಅಮೆರಿಕ ಟೂರ್ನಿ ಮುಗಿಸಿ ಬೆನ್ನಿನ ಶಸ್ತ್ರಚಿಕಿತ್ಸೆ. ನಿಮ್ಮ ಪತ್ರ ನಮ್ಮ ಕಚೇರಿ ತಲುಪಿದ ಮೇಲೆ, 2025ರ ಡಿಸೆಂಬರ್ 15ರಂದು, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ 4-4ರ ಆ ಹುಚ್ಚು ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಹೊರನಡೆದರು. ಓಟವೇ ಬಂಡವಾಳವಾಗಿರುವ ಆಟಗಾರನಿಗೆ ತೊಡೆ, ಬೆನ್ನು, ಮೊಣಕಾಲು ಮೂರೂ ಲೆಕ್ಕ ಕೇಳಿವೆ. ಮೂವತ್ತರ ನಂತರವೂ ಇದೇ ಮಟ್ಟದಲ್ಲಿ ಆಡುತ್ತಾರೆ ಎಂಬ ಭರವಸೆ ನನಗಿಲ್ಲ. ಅಲ್ಲಿಯವರೆಗೆ, ಪ್ರೀಮಿಯರ್ ಲೀಗಿನ ಮಧ್ಯದ ಹತ್ತು ತಂಡಗಳಲ್ಲಿ ಯಾವುದೂ ಅವರನ್ನು ಬೇಡ ಎನ್ನಲಾರದು.

ಈಗ ಮೊಮ್ಮಗನ ವಿಷಯ. ಫಿಫಾ ನಿಯಮದ ಪ್ರಕಾರ ಹದಿನೆಂಟು ತುಂಬುವ ಮೊದಲು ದೇಶ ಬಿಟ್ಟು ದೇಶಕ್ಕೆ ವರ್ಗವಾಗುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಅಮೆರಿಕದ ಕ್ರಿಸ್ಟಿಯನ್ ಪುಲಿಸಿಕ್ ಹದಿಹರೆಯದಲ್ಲೇ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಆಡಲು ಸಾಧ್ಯವಾದದ್ದು ಅಜ್ಜನ ಕಡೆಯಿಂದ ಬಂದ ಕ್ರೊಯೇಷಿಯಾ ಪೌರತ್ವದಿಂದ. ಐರೋಪ್ಯ ಒಕ್ಕೂಟದ ಒಳಗೆ ಹದಿನಾರಕ್ಕೇ ತೆರೆಯುವ ಆ ಬಾಗಿಲು ಬ್ರೆಕ್ಸಿಟ್ ನಂತರ ಇಂಗ್ಲೆಂಡಿಗೆ ಮುಚ್ಚಿದೆ. ಹದಿನೆಂಟಾದ ಮೇಲೂ ಕೆಲಸದ ಪರವಾನಗಿ ಬೇಕು. ಅದಕ್ಕೆ ರಾಷ್ಟ್ರೀಯ ತಂಡದ ಪಂದ್ಯಗಳು, ಆಡುತ್ತಿರುವ ಲೀಗಿನ ಮಟ್ಟ, ಮೈದಾನದಲ್ಲಿ ಕಳೆದ ನಿಮಿಷ ಎಲ್ಲಕ್ಕೂ ಅಂಕ ಹಾಕುತ್ತಾರೆ. ದೇಶದ ಫಿಫಾ ಶ್ರೇಯಾಂಕ ಇಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದವಾಗಿಯೂ ಆಡಲಾಗಲಿಲ್ಲ. ಭಾರತ ಮೊದಲ 70ರೊಳಗೆ ಇಲ್ಲವೆಂದು ಪರವಾನಗಿ ನಿರಾಕರಿಸಿದರು. ಮರುವರ್ಷ ಅವರು ಹೋದದ್ದು ಅಮೆರಿಕದ ಕಾನ್ಸಾಸ್ ಸಿಟಿಗೆ.

ಆದ್ದರಿಂದ ಹುಡುಗ ಸದ್ಯಕ್ಕೆ ಅಲ್ಲಿಯೇ ಆಡಲಿ. ಆಡಮ್ಸ್ ಕೂಡ ಹತ್ತೊಂಬತ್ತು ತುಂಬುವವರೆಗೆ ನ್ಯೂಯಾರ್ಕ್ ಬಿಟ್ಟು ಕದಲಲಿಲ್ಲ. ಮೊಮ್ಮಗನ ಕೈಯಲ್ಲಿರುವುದು ಅಮೆರಿಕದ ಪಾಸ್‌ಪೋರ್ಟೋ ಭಾರತದ್ದೋ ನೀವು ಬರೆದಿಲ್ಲ. ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಇನ್ನಷ್ಟು ಖಚಿತವಾಗಿ ಉತ್ತರಿಸುತ್ತೇನೆ.

– ಸಂಪಾದಕ